ಕರೆದ್ರೂ ಪಂಕ್ತಿಗೆ ಬರದ ಟೀಮ್‌ಗಳು: ಎನ್‌ಐಟಿ ಕಥೆ ಎಲ್ಲಿಗೆ ಬಂತು

2024ರ ಏಪ್ರಿಲ್ 4, ಗುರುವಾರ ರಾತ್ರಿ. ಇಂಡಿಯಾನಾಪೊಲಿಸ್‌ನಲ್ಲಿ ಹಿಂಕಲ್ ಫೀಲ್ಡ್‌ಹೌಸ್ ಅಂತ 1928ರಲ್ಲಿ ಕಟ್ಟಿದ ಹಳೇ ಬ್ಯಾಸ್ಕೆಟ್‌ಬಾಲ್ ಅಂಕಣ ಇದೆ, ಹೊರಗಿಂದ ನೋಡಿದ್ರೆ ನಮ್ಮೂರ ಹಳೇ ಗೋಡೌನ್ ತರ ಕಾಣತ್ತೆ, ಒಳಗೆ ಹೋದ್ರೆ ಮಾತ್ರ ಗೊತ್ತಾಗೋದು. ನಮ್ಮ ಆಫೀಸಿನ ಒಬ್ರು ಹಿರಿಯರು, ಊರು ಟೆರ ಹೋಟ್, ಒಂದು ಟಿಕೆಟ್ ಜಾಸ್ತಿ ಇದೆ ಬಾ ಅಂತ ಕರ್ಕೊಂಡು ಹೋಗಿದ್ರು. ಕಾಲೇಜ್ ಬ್ಯಾಸ್ಕೆಟ್‌ಬಾಲ್ ಫೈನಲ್, ಅವರ ಊರಿನ ಇಂಡಿಯಾನಾ ಸ್ಟೇಟ್ ಯೂನಿವರ್ಸಿಟಿ ಒಂದು ಕಡೆ, ನ್ಯೂಜೆರ್ಸಿಯ ಸೀಟನ್ ಹಾಲ್ ಇನ್ನೊಂದು ಕಡೆ. ಸುತ್ತ ಎಲ್ಲಿ ನೋಡಿದ್ರೂ ನೀಲಿ ಟೀಶರ್ಟು, ಅಜ್ಜಿಯಂದ್ರು, ಸ್ಕೂಲ್ ಮಕ್ಕಳು, ಡ್ಯೂಟಿ ಮುಗಿಸಿ ಎಪ್ಪತ್ತೈದು ಎಂಬತ್ತು ಮೈಲಿ ಗಾಡಿ ಓಡಿಸ್ಕೊಂಡು ಬಂದೋರು. ಕೊನೇ ಕೆಲವು ನಿಮಿಷ ಇದೆ ಅನ್ನುವಾಗ ಇಂಡಿಯಾನಾ ಸ್ಟೇಟ್ ಮುಂದಿತ್ತು, ಸ್ಕೋರು 77ಕ್ಕೆ ಬಂತು, ಅಲ್ಲೇ ಕಚ್ಕೊಂಡು ನಿಂತುಬಿಡ್ತು ನೋಡಿ, ಒಂದು ಪಾಯಿಂಟೂ ಮೇಲೆ ಹೋಗ್ಲಿಲ್ಲ. ಸೀಟನ್ ಹಾಲ್ ಒಂದೊಂದೇ ಬುಟ್ಟಿ ಹಾಕ್ತಾ ಹಾಕ್ತಾ 79-77ಕ್ಕೆ ಗೆದ್ದುಬಿಟ್ರು. ಪಕ್ಕದಲ್ಲಿದ್ದ ನಮ್ಮ ಹಿರಿಯರು ಹತ್ತು ನಿಮಿಷ ಎದ್ದೇಳ್ಲಿಲ್ಲ. ಕೊನೆಗೆ ಎದ್ದಾಗ ಹೇಳಿದ್ದು ಒಂದೇ ಮಾತು, "ಇನ್ನು ಈ ಹುಡುಗರು ಯಾರೂ ನಮಗೆ ಸಿಗಲ್ಲ ಬಿಡು."

ಆಗ ನಂಗೆ ಅದರ ಅರ್ಥ ಪೂರ್ತಿ ಆಗ್ಲಿಲ್ಲ. ಸೋತಿದ್ದಕ್ಕೆ ಬೇಜಾರಲ್ಲಿ ಹೇಳ್ತಿದ್ದಾರೆ ಅಂದ್ಕೊಂಡೆ.

ಇದು ಎನ್‌ಐಟಿ ಫೈನಲ್. ನ್ಯಾಷನಲ್ ಇನ್ವಿಟೇಷನ್ ಟೂರ್ನಮೆಂಟ್. ಮಾರ್ಚ್ ಬಂತು ಅಂದ್ರೆ ಅಮೆರಿಕದಲ್ಲಿರೋ ನಮ್ಮೋರೆಲ್ಲ ಆಫೀಸಿನಲ್ಲಿ ಬ್ರಾಕೆಟ್ ತುಂಬ್ತೀವಲ್ಲ, ಡ್ಯೂಕ್ ಗೆಲ್ಲತ್ತಾ ಕಾನ್ಸಸ್ ಗೆಲ್ಲತ್ತಾ ಅಂತ ಅರ್ಧಂಬರ್ಧ ತಿಳ್ಕೊಂಡು ಐದೈದು ಡಾಲರ್ ಹಾಕ್ತೀವಲ್ಲ, ಅದು ಎನ್‌ಸಿಎಎ (ಅಮೆರಿಕದ ಕಾಲೇಜ್ ಕ್ರೀಡೆ ನಡೆಸೋ ಸಂಸ್ಥೆ) ಟೂರ್ನಮೆಂಟ್, ಮಾರ್ಚ್ ಮ್ಯಾಡ್ನೆಸ್. ಅದರಲ್ಲಿ ಜಾಗ ಸಿಗದೇ ಇದ್ದ ಟೀಮ್‌ಗಳಿಗೆ ಇರೋದು ಎನ್‌ಐಟಿ. ಮದುವೆ ಮನೇಲಿ ಎರಡನೇ ಪಂಕ್ತಿ ಇದ್ದ ಹಾಗೆ, ಮೊದಲ ಪಂಕ್ತಿ ಎದ್ದ ಮೇಲೆ ಕೂರೋದು, ಆದ್ರೆ ಊಟ ಊಟನೇ. ಹಂಗೆ ಅಂದ್ಕೊಂಡಿದ್ರು ಇಷ್ಟು ವರ್ಷ. ಈಗ ಏನಾಗಿದೆ ಅಂದ್ರೆ ಎಲೆ ಹಾಕಿ ಕರೆದ್ರೂ ಬರಲ್ಲ ಅಂತಿದ್ದಾರೆ. ಅದೇ 2024ರಲ್ಲಿ ಸೇಂಟ್ ಜಾನ್ಸ್, ಒಕ್ಲಹೋಮ, ಪಿಟ್ಸ್‌ಬರ್ಗ್, ಇಂಡಿಯಾನಾ (ಇಂಡಿಯಾನಾ ಸ್ಟೇಟ್ ಅಲ್ಲ, ಇದು ಬೇರೆ ಯೂನಿವರ್ಸಿಟಿ), ಎಲ್ಲಾ ದೊಡ್ಡ ದೊಡ್ಡ ಹೆಸರು, ನಮಗೆ ಎನ್‌ಐಟಿ ಬೇಡ ಅಂತ ಹೇಳಿ ಸೀಸನ್ ಮುಗಿಸ್ಕೊಂಡು ಮನೆಗೆ ಹೋದ್ರು. ಒಂದು ಕಡೆ ಹಿಂಕಲ್ ತುಂಬಾ ಜನ, ಇನ್ನೊಂದು ಕಡೆ ಆಡೋಕೇ ಬರಲ್ಲ ಅನ್ನೋ ಟೀಮ್‌ಗಳು. ಎರಡೂ ಒಂದೇ ಟೂರ್ನಮೆಂಟ್ ಹೆಂಗೆ ಆಗತ್ತೆ?

ಇದನ್ನ ಬಿಡಿಸೋಕೆ ಸ್ವಲ್ಪ ಹಿಂದೆ ಹೋಗ್ಬೇಕು. ತಮಾಷೆ ಏನಂದ್ರೆ ಈ ಎರಡನೇ ಪಂಕ್ತಿ ಒಂದು ಕಾಲಕ್ಕೆ ಮೊದಲ ಪಂಕ್ತಿನೇ ಆಗಿತ್ತು. ಎನ್‌ಐಟಿ ಶುರುವಾಗಿದ್ದು 1938ರಲ್ಲಿ, ನ್ಯೂಯಾರ್ಕ್‌ನ ಬ್ಯಾಸ್ಕೆಟ್‌ಬಾಲ್ ಪತ್ರಕರ್ತರು ಸೇರಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮಾಡಿದ್ದು, ಮೊದಲನೇ ವರ್ಷ ಟೆಂಪಲ್ ಟೀಮು ಕೊಲರಾಡೋನ 60-36ಕ್ಕೆ ಸೋಲಿಸಿ ಕಪ್ ತಗೊಂಡ್ರು. ಎನ್‌ಸಿಎಎ ಟೂರ್ನಮೆಂಟ್ ಬಂದಿದ್ದು ಅದಾದ ಮಾರನೇ ವರ್ಷ, 1939ರಲ್ಲಿ, ಬರೀ ಎಂಟು ಟೀಮ್ ಇಟ್ಕೊಂಡು. ನ್ಯೂಯಾರ್ಕಿನ ಪೇಪರು, ನ್ಯೂಯಾರ್ಕಿನ ಜನ, ಗಾರ್ಡನ್ನಿನ ಲೈಟು, ಇದನ್ನೆಲ್ಲ ಬಿಟ್ಟು ಯಾರು ಹೋಗ್ತಾರೆ? ಎಷ್ಟೋ ಟೀಮ್‌ಗಳಿಗೆ ಎನ್‌ಐಟಿನೇ ಜಾಸ್ತಿ ಮರ್ಯಾದೆ. ಆಗೆಲ್ಲ ಎರಡನ್ನೂ ಆಡಬಹುದಿತ್ತು. 1950ರಲ್ಲಿ ಸಿಟಿ ಕಾಲೇಜ್ ಆಫ್ ನ್ಯೂಯಾರ್ಕ್ ಒಂದೇ ವರ್ಷ ಎರಡೂ ಗೆದ್ರು, ಎರಡೂ ಫೈನಲ್‌ನಲ್ಲಿ ಎದುರಾಳಿ ಬ್ರ್ಯಾಡ್ಲಿನೇ. ಇವತ್ತಿಗೂ ಆ ದಾಖಲೆ ಯಾರೂ ಮುಟ್ಟಿಲ್ಲ, ಮುಟ್ಟೋಕೆ ಆಗೋದೂ ಇಲ್ಲ. ಆದ್ರೆ ಮಾರನೇ ವರ್ಷವೇ ಗೊತ್ತಾಯ್ತು, ಅದೇ ಟೀಮಿನ ಹುಡುಗರು ಬುಕ್ಕಿಗಳ ಹತ್ರ ದುಡ್ಡು ಇಸ್ಕೊಂಡು ಪಾಯಿಂಟ್ ಕಮ್ಮಿ ಜಾಸ್ತಿ ಮಾಡಿದ್ದಾರೆ ಅಂತ. ಅರೆಸ್ಟ್ ಆಯ್ತು, ಬೇರೆ ಕಾಲೇಜುಗಳ ಹೆಸರೂ ಬಂತು. ನ್ಯೂಯಾರ್ಕಿನ ಬ್ಯಾಸ್ಕೆಟ್‌ಬಾಲ್‌ಗೆ ಬಿದ್ದ ಆ ಏಟು ಎನ್‌ಐಟಿಗೂ ಬಿತ್ತು.

ಇನ್ನೊಂದು ಏಟು ಬಿದ್ದಿದ್ದು 1970ರಲ್ಲಿ, ಇದು ನಂಗೆ ತುಂಬಾ ಇಷ್ಟದ ಕಥೆ. ಮಾರ್ಕೆಟ್ ಅಂತ ಒಂದು ಯೂನಿವರ್ಸಿಟಿ (ನಮ್ಮ ಕೆ.ಆರ್. ಮಾರ್ಕೆಟ್ ಅಲ್ಲ ಮಾರಾಯ್ರೆ, ಮಿಲ್ವಾಕಿಯಲ್ಲಿರೋದು), ಅದರ ಕೋಚ್ ಆಲ್ ಮೆಗ್ವೈರ್. ಎನ್‌ಸಿಎಎ ಅವರಿಗೆ ಮನೆ ಹತ್ರದ ವಿಭಾಗ ಕೊಡದೇ ಟೆಕ್ಸಸ್ ಕಡೆ ಹಾಕ್ತು. ಆಸಾಮಿ ಏನ್ ಮಾಡಿದ, ನಿಮ್ಮ ಟೂರ್ನಮೆಂಟೇ ಬೇಡ ಅಂತ ಎನ್‌ಐಟಿಗೆ ಹೋಗಿ ಅದನ್ನ ಗೆದ್ದೂ ಬಿಟ್ಟ. ಎನ್‌ಸಿಎಎಗೆ ಉರಿದುಹೋಯ್ತು. ಆಮೇಲೆ ಒಂದು ರೂಲ್ ಬಂತು, ಎನ್‌ಸಿಎಎ ಕರೆದ್ರೆ ಅಲ್ಲೇ ಆಡಬೇಕು, ಬೇರೆ ಕಡೆ ಹೋಗೋಹಾಗಿಲ್ಲ ಅಂತ. ಜೊತೆಗೆ ತಮ್ಮ ಪಂಕ್ತಿನ ಉದ್ದ ಮಾಡ್ತಾ ಹೋದ್ರು, 1975ರಲ್ಲಿ 32, 1980ರಲ್ಲಿ 48, 1985ರಲ್ಲಿ 64, 2011ರಿಂದ 68. ಪ್ರತಿ ಸಲ ಉದ್ದ ಆದಾಗ್ಲೂ ಎನ್‌ಐಟಿಗೆ ಉಳಿಯೋ ಟೀಮು ಇನ್ನೊಂದು ಮೆಟ್ಟಿಲು ಕೆಳಗಿನದು. ಎನ್‌ಐಟಿ ನಡೆಸ್ತಿದ್ದ ನ್ಯೂಯಾರ್ಕಿನ ಐದು ಕಾಲೇಜುಗಳು, ಇದು ಅನ್ಯಾಯದ ಏಕಸ್ವಾಮ್ಯ ಅಂತ 2001ರಲ್ಲಿ ಕೋರ್ಟಿಗೆ ಹೋದ್ವು. 2005ರಲ್ಲಿ ವಿಚಾರಣೆ ನಡೀತಿರೋವಾಗ್ಲೇ ರಾಜಿ ಆಯ್ತು, ಒಟ್ಟು 5.65 ಕೋಟಿ ಡಾಲರ್, ಅದರಲ್ಲಿ ದೊಡ್ಡ ಪಾಲು ಎನ್‌ಐಟಿನೇ ಕೊಂಡ್ಕೊಳ್ಳೋಕೆ. ಅಂದ್ರೆ ಕೇಸ್ ಹಾಕಿದ ಅಂಗಡಿನೇ ಎನ್‌ಸಿಎಎಯೋರು ಖರೀದಿ ಮಾಡಿಬಿಟ್ರು! ಅಲ್ಲಿಂದ ಎರಡೂ ಪಂಕ್ತಿಗೆ ಬಡಿಸೋ ಕೈ ಒಂದೇ.

ಇಷ್ಟೆಲ್ಲ ಆದ್ರೂ ಎನ್‌ಐಟಿ ಬದುಕಿತ್ತು. ನಾಟ್ ಇನ್‌ವೈಟೆಡ್ ಟೂರ್ನಮೆಂಟ್ ಅಂತ ಆಡ್ಕೊಳ್ತಿದ್ರು, ಎದುರು ಟೀಮು ಸೋಲ್ತಿದ್ರೆ ಸ್ಟೂಡೆಂಟ್ಸು "ಎನ್-ಐ-ಟಿ, ಎನ್-ಐ-ಟಿ" ಅಂತ ಕೂಗಿ ಕಿಚಾಯಿಸ್ತಾರೆ, ಆದ್ರೂ ಬದುಕಿತ್ತು. ಯಾಕಂದ್ರೆ ಬೆಳೀತಿರೋ ಟೀಮಿಗೆ ಇನ್ನೂ ಎರಡು ಮೂರು ವಾರ ಪ್ರಾಕ್ಟೀಸ್ ಸಿಗತ್ತೆ, ಗೆದ್ರೆ ಧೈರ್ಯ ಬರತ್ತೆ. ಟಿಸಿಯು (ಟೆಕ್ಸಸ್ ಕ್ರಿಶ್ಚಿಯನ್ ಯೂನಿವರ್ಸಿಟಿ) 2017ರಲ್ಲಿ ಎನ್‌ಐಟಿ ಗೆದ್ದು, 2018ರಲ್ಲಿ ಇಪ್ಪತ್ತು ವರ್ಷದ ನಂತರ ಮೊದಲ ಸಲ ದೊಡ್ಡ ಟೂರ್ನಮೆಂಟಿಗೆ ಹೋಯ್ತು. ಈ ಲೆಕ್ಕ ಕೆಲಸ ಮಾಡಬೇಕು ಅಂದ್ರೆ ಒಂದು ಷರತ್ತಿದೆ, ಈ ವರ್ಷ ಆಡಿದ ಹುಡುಗನೇ ಮುಂದಿನ ವರ್ಷಾನೂ ಇರಬೇಕು. ಇಲ್ಲಾಂದ್ರೆ ಪ್ರಾಕ್ಟೀಸ್ ಕೊಡೋದು ಯಾರಿಗೆ? ಪಕ್ಕದ ಯೂನಿವರ್ಸಿಟಿಗಾ?

ಆ ಷರತ್ತೇ ಮುರಿದುಬಿತ್ತು. ಮೊದಲು ಕಾಲೇಜ್ ಬದಲಾಯಿಸಿದ್ರೆ ಸಾಮಾನ್ಯವಾಗಿ ಒಂದು ವರ್ಷ ಬೆಂಚಲ್ಲಿ ಕೂರಬೇಕಿತ್ತು. ಅದನ್ನ ಸಡಿಲ ಮಾಡ್ತಾ ಮಾಡ್ತಾ 2024ರ ಏಪ್ರಿಲ್‌ಗೆ ಎಷ್ಟು ಸಲ ಬೇಕಾದ್ರೂ ಹಾರು, ಓದು ಸರಿಯಾಗಿದ್ರೆ ತಕ್ಷಣ ಆಡು ಅಂತ ಆಯ್ತು. ಬಿಟ್ಟು ಹೋಗ್ತೀನಿ ಅನ್ನೋರು ಹೆಸರು ಹಾಕೋ ಜಾಗಕ್ಕೆ ಟ್ರಾನ್ಸ್‌ಫರ್ ಪೋರ್ಟಲ್ ಅಂತಾರೆ. ಇನ್ನೊಂದು ಕಡೆ 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖ ಮಾರ್ಕೊಂಡು ದುಡ್ಡು ಮಾಡಬಹುದು, ಎನ್‌ಐಎಲ್ ಅಂತ ಅದಕ್ಕೆ. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ರಾಜಿ ಪ್ರಕಾರ ಯೂನಿವರ್ಸಿಟಿಗಳೇ ನೇರವಾಗಿ ಆಟಗಾರರಿಗೆ ಹಂಚಬಹುದು, ಮೊದಲ ವರ್ಷಕ್ಕೆ ಒಂದು ಯೂನಿವರ್ಸಿಟಿಗೆ ಎಲ್ಲಾ ಆಟ ಸೇರಿ ಸುಮಾರು 2.05 ಕೋಟಿ ಡಾಲರ್ ತನಕ. ಆಟಗಾರರಿಗೆ ದುಡ್ಡು ಸಿಕ್ಕಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ, ಅವರ ಬೆವರಿನ ಮೇಲೆ ಬೇರೆಯವರೆಲ್ಲ ಬಂಗಲೆ ಕಟ್ಟಿದ್ದಾರೆ, ಸಿಗಲೇಬೇಕಿತ್ತು. ಕೆಟ್ಟಿದ್ದು ಎಲ್ಲಿ ಅಂದ್ರೆ ತಾರೀಖಲ್ಲಿ.

2024ರ ತಾರೀಖು ನೋಡಿ. ಮಾರ್ಚ್ 17 ಭಾನುವಾರ, ಸೆಲೆಕ್ಷನ್ ಸಂಡೇ, 68 ಟೀಮು ಯಾವುದು ಅಂತ ಟೀವಿಲಿ ಹೇಳೋ ದಿನ. ಮಾರ್ಚ್ 18 ಸೋಮವಾರ, ಪೋರ್ಟಲ್ ಓಪನ್. ಅದೇ ವಾರದಲ್ಲೇ ಎನ್‌ಐಟಿ ಮೊದಲ ರೌಂಡು. ಈಗ ನೀವು ಕೋಚ್ ಅಂದ್ಕೊಳ್ಳಿ. ಭಾನುವಾರ ಸಂಜೆ ಹೆಸರು ಬರಲಿಲ್ಲ ಅಂತ ಹುಡುಗರು ತಲೆ ಮೇಲೆ ಟವಲ್ ಹಾಕ್ಕೊಂಡು ಕೂತಿದ್ದಾರೆ, ಸೋಮವಾರ ಬೆಳಿಗ್ಗೆ ಇಬ್ಬರು ಪೋರ್ಟಲ್‌ಗೆ ಹೋದ್ರು, ಮೂರನೆಯವನ ಏಜೆಂಟು ಫೋನ್ ಮಾಡ್ತಿದ್ದಾನೆ, ನಿಮ್ಮ ಎದುರಾಳಿ ಕೋಚ್ ಆಗಲೇ ಬೇರೆ ಕಾಲೇಜಿನ ಒಳ್ಳೇ ಹುಡುಗನನ್ನ ಕ್ಯಾಂಪಸ್ ತೋರಿಸೋಕೆ ಕರೆಸ್ಕೊಂಡಿದ್ದಾನೆ. ನೀವು ಎಂಟು ಜನ ಇಟ್ಕೊಂಡು ಎನ್‌ಐಟಿ ಆಡ್ತೀರಾ, ಇಲ್ಲಾ ಫೋನ್ ಹಿಡೀತೀರಾ? ಗೆದ್ದಷ್ಟೂ ಲೇಟು, ಲೇಟಾದಷ್ಟೂ ಒಳ್ಳೇ ಹುಡುಗರು ಖಾಲಿ. ಸಂತೆಗೆ ಮಧ್ಯಾಹ್ನ ಮೂರಕ್ಕೆ ಹೋದ್ರೆ ಬಾಡಿದ ಸೊಪ್ಪೇ ಸಿಗೋದು. ಜನ ಇಷ್ಟಪಡದೇ ಎನ್‌ಐಟಿ ಸೊರಗ್ತಿದೆ ಅನ್ನೋದು ನಂಗೆ ಅದಕ್ಕೇ ಒಪ್ಪಿಗೆ ಆಗಲ್ಲ. ಜನ ಬರ್ತಾರೆ, ನಾನೇ ನೋಡಿದ್ದೀನಿ. ಆಡಿದೋನಿಗೆ ನಷ್ಟ, ಬಿಟ್ಟೋನಿಗೆ ಲಾಭ ಅನ್ನೋ ಹಾಗೆ ಕ್ಯಾಲೆಂಡರ್ ಮಾಡಿಟ್ಟಿದ್ದಾರೆ, ಅಷ್ಟೇ.

ಇಂಡಿಯಾನಾ ಸ್ಟೇಟ್ ಅಲ್ಲಿಗೆ ಹೆಂಗೆ ಬಂತು ಅಂತಾನೂ ಹೇಳ್ಬೇಕು. ಇದು ಲ್ಯಾರಿ ಬರ್ಡ್ ಓದಿದ ಕಾಲೇಜು. 1979ರಲ್ಲಿ 33 ಮ್ಯಾಚ್ ಸೋಲದೇ ಬಂದು ಫೈನಲ್‌ನಲ್ಲಿ ಮ್ಯಾಜಿಕ್ ಜಾನ್ಸನ್‌ನ ಮಿಷಿಗನ್ ಸ್ಟೇಟ್‌ಗೆ ಸೋತಿದ್ರು, ನಮ್ಮ ಹಿರಿಯರಿಗೆ ಆಗ ಹತ್ತೋ ಹನ್ನೊಂದೋ ವರ್ಷ, ಆ ಫೈನಲ್ ಬಗ್ಗೆ ಈಗಲೂ ನಿನ್ನೆ ನಡೆದಿದ್ದು ತರ ಮಾತಾಡ್ತಾರೆ. ಆಮೇಲೆ ಎಷ್ಟೋ ವರ್ಷ ಅಲ್ಲಿ ಅಂಥದ್ದೇನೂ ಇರಲಿಲ್ಲ. 2023-24ರಲ್ಲಿ ಕೋಚ್ ಜಾಶ್ ಷರ್ಟ್ಜ್ ಕೈಯಲ್ಲಿ ಟೀಮು ಎನ್‌ಐಟಿಗೆ ಮುಂಚೆ 28 ಗೆದ್ದು 6 ಸೋತಿತ್ತು. ನಡುವೆ ರಾಬಿ ಅವಿಲಾ ಅಂತ ಆರಡಿ ಹತ್ತಿಂಚಿನ ಹುಡುಗ, ಕಣ್ಣಿಗೆ ದಪ್ಪ ಗಾಗಲ್ಸ್, ನೋಡಿದ್ರೆ ಪಿಯುಸಿ ಫಿಸಿಕ್ಸ್ ಲ್ಯಾಬಲ್ಲಿ ಇರಬೇಕಾದವನು, ಪಾಸ್ ಕೊಟ್ರೆ ಮಾತ್ರ ಎದುರಿನ ಐದೂ ಜನ ಬೇರೆ ಕಡೆ ನೋಡ್ತಿರ್ತಾರೆ. ಕರೀಮ್ ಅಬ್ದುಲ್ ಜಬ್ಬಾರ್ ಹೆಸರನ್ನ ತಿರುಚಿ ಕ್ರೀಮ್ ಅಬ್ದುಲ್ ಜಬ್ಬಾರ್ ಅಂತ ಅಡ್ಡಹೆಸರು ಇಟ್ಟಿದ್ರು. ಕಾಲೇಜುಗಳು ಕಾನ್ಫರೆನ್ಸ್ ಅಂತ ಗುಂಪು ಗುಂಪಾಗಿ ಆಡ್ತವೆ, ತಮ್ಮ ಗುಂಪಿನ ಲೀಗ್‌ನಲ್ಲಿ ಇವರೇ ಫಸ್ಟು. ಆದ್ರೆ ಲೀಗ್ ಮುಗಿದ ಮೇಲೆ ನಾಲ್ಕು ದಿನದ ಕಾನ್ಫರೆನ್ಸ್ ಟೂರ್ನಮೆಂಟ್ ಇರತ್ತೆ, ಅದನ್ನ ಗೆದ್ದೋರಿಗೆ ಮಾತ್ರ ಗ್ಯಾರಂಟಿ ಸೀಟು. ಅದರ ಫೈನಲ್‌ನಲ್ಲಿ ಡ್ರೇಕ್ ಹತ್ರ 84-80ಕ್ಕೆ ಸೋತ್ರು. ಮಿಕ್ಕ ಸೀಟು ಕೊಡೋದು ಒಂದು ಕಮಿಟಿ. ಎನ್‌ಸಿಎಎದೇ ನೆಟ್ ಅನ್ನೋ ರ‍್ಯಾಂಕಿಂಗ್‌ನಲ್ಲಿ ಮೊದಲ ಮೂವತ್ತರೊಳಗೆ ಇದ್ರೂ ಕಮಿಟಿ ಇವರನ್ನ ತಗೊಳ್ಳಲಿಲ್ಲ. ಆ ವರ್ಷ ಲೆಕ್ಕಕ್ಕೇ ಇಲ್ಲದ ಟೀಮ್‌ಗಳು ಅಲ್ಲಲ್ಲಿ ಕಾನ್ಫರೆನ್ಸ್ ಗೆದ್ದು ಸೀಟು ಕಿತ್ಕೊಂಡಿದ್ವು. ಎನ್‌ಸಿ ಸ್ಟೇಟ್ ಐದು ದಿನದಲ್ಲಿ ಐದು ಮ್ಯಾಚ್ ಗೆದ್ದು ಒಳಗೆ ಬಂತು, ಬಂದಿದ್ದಷ್ಟೇ ಅಲ್ಲ, ಫೈನಲ್ ಫೋರ್, ಅಂದ್ರೆ ಸೆಮಿಫೈನಲ್ ತನಕ ಹೋಯ್ತು. ಅದನ್ನ ಬೈಯ್ಯೋಕಾಗಲ್ಲ.

ಎನ್‌ಐಟಿಯಲ್ಲಿ ಇಂಡಿಯಾನಾ ಸ್ಟೇಟ್ ಮೂರು ಮ್ಯಾಚ್ ಮನೆಯಂಗಳದಲ್ಲೇ ಗೆದ್ರು, ಹಿಂಕಲ್‌ನಲ್ಲಿ ಸೆಮಿಫೈನಲ್‌ನಲ್ಲಿ ಯೂಟಾ ಮೇಲೆ 100 ಹೊಡೆದ್ರು. ಆಮೇಲೆ ಆ ಎರಡು ಪಾಯಿಂಟು. ಫೈನಲ್ ಮುಗಿದು ಕೆಲವೇ ದಿನಕ್ಕೆ ಕೋಚ್ ಸೇಂಟ್ ಲೂಯಿಸ್ ಯೂನಿವರ್ಸಿಟಿಗೆ ಹೋದ್ರು. ಆಟಗಾರರಲ್ಲಿ ಅವಿಲಾ, ಸ್ವೋಪ್ ಇಬ್ಬರೂ ಅವರ ಹಿಂದೆ. ಕಾನ್‌ವೆಲ್ ಝೇವಿಯರ್‌ಗೆ. ಜೂಲಿಯನ್ ಲ್ಯಾರಿ, ಕೆಂಟ್ ಇಬ್ಬರೂ ಟೆಕ್ಸಸ್‌ಗೆ. ಮೊದಲಿಂದ ಆಡೋ ಐದು ಜನರಲ್ಲಿ ಒಬ್ಬನೂ ಉಳೀಲಿಲ್ಲ. ನಮ್ಮ ಹಿರಿಯರು ಹಿಂಕಲ್‌ನಲ್ಲಿ ಎದ್ದಾಗ ಹೇಳಿದ ಮಾತು ಬೇಜಾರಿಂದ ಬಂದಿದ್ದಲ್ಲ, ಅವರಿಗೆ ಗೊತ್ತಿತ್ತು.

ಇದರ ಮೇಲೆ ಎನ್‌ಐಟಿ ತನ್ನ ಕಾಲಿಗೆ ತಾನೇ ಕಲ್ಲು ಹಾಕ್ಕೊಂಡಿದ್ದೂ ಇದೆ. ಮೊದಲು ಒಂದು ಒಳ್ಳೇ ರೂಲ್ ಇತ್ತು, ಲೀಗ್‌ನಲ್ಲಿ ಫಸ್ಟ್ ಬಂದು ಕಾನ್ಫರೆನ್ಸ್ ಟೂರ್ನಮೆಂಟ್‌ನಲ್ಲಿ ಎಡವಿದ ಟೀಮಿಗೆ ಎನ್‌ಐಟಿಲಿ ಗ್ಯಾರಂಟಿ ಸೀಟು. ಚಿಕ್ಕ ಕಾಲೇಜುಗಳಿಗೆ ಅದೇ ಮೂರು ತಿಂಗಳ ದುಡಿಮೆಗೆ ಸಿಗೋ ಕೂಲಿ. 2023ರ ಅಕ್ಟೋಬರ್‌ನಲ್ಲಿ ಅದನ್ನ ತೆಗೆದುಹಾಕಿ, ಆರು ದೊಡ್ಡ ಕಾನ್ಫರೆನ್ಸ್‌ಗಳಿಗೆ ತಲಾ ಎರಡರಂತೆ ಹನ್ನೆರಡು ಸೀಟು ಮೀಸಲು ಇಟ್ರು. ಯಾಕೆ? ಫಾಕ್ಸ್ ಟೀವಿಯೋರು ದೊಡ್ಡ ಟೀಮ್‌ಗಳನ್ನ ಎಳ್ಕೊಂಡು ತಮ್ಮದೇ ಟೂರ್ನಮೆಂಟ್ ಮಾಡ್ತಾರೆ ಅನ್ನೋ ಭಯ. ಆಯ್ತು, ಮೀಸಲಿಟ್ರಲ್ಲ, ಬಂದ್ರಾ? ಮೇಲೆ ಹೇಳಿದ ಹೆಸರುಗಳೆಲ್ಲ ಬೇಡ ಅಂದಿದ್ದು ಆ ಮೊದಲನೇ ವರ್ಷವೇ! ಫಾಕ್ಸ್ ಏನು ಸುಮ್ನಿದ್ರಾ, 2025ರಲ್ಲಿ ಲಾಸ್ ವೇಗಸ್‌ನಲ್ಲಿ 16 ಟೀಮಿನ ಕಾಲೇಜ್ ಬ್ಯಾಸ್ಕೆಟ್‌ಬಾಲ್ ಕ್ರೌನ್ ಶುರು ಮಾಡೇ ಮಾಡಿದ್ರು, ಬಿಗ್ ಟೆನ್, ಬಿಗ್ 12, ಬಿಗ್ ಈಸ್ಟ್ ಕಾನ್ಫರೆನ್ಸ್‌ಗಳು ಅದರ ಕಡೆ ಹೋದ್ವು. ಐದು ಲಕ್ಷ ಡಾಲರ್ ಎನ್‌ಐಎಲ್ ದುಡ್ಡು, ಗೆದ್ದೋರಿಗೆ ಮೂರು ಲಕ್ಷ. ನೆಬ್ರಾಸ್ಕಾ ಗೆದ್ದು ತಗೊಂಡ್ರು. ಇಂಥ ಪ್ರಯತ್ನ ಮೊದಲೂ ಆಗಿತ್ತು, 2016ರಲ್ಲಿ ವೇಗಸ್ 16 ಅಂತ ಮಾಡಿದ್ರು, ಹೆಸರಲ್ಲಿ ಹದಿನಾರು, ಬಂದಿದ್ದು ಎಂಟು, ಒಂದೇ ವರ್ಷಕ್ಕೆ ಬಾಗಿಲು ಹಾಕಿದ್ರು. ಸಿಬಿಐ (ಕಾಲೇಜ್ ಬ್ಯಾಸ್ಕೆಟ್‌ಬಾಲ್ ಇನ್ವಿಟೇಷನಲ್) ಅಂತ ಇನ್ನೊಂದು, ಅಲ್ಲಿ ಟೀಮ್‌ಗಳೇ ಫೀಸ್ ಕಟ್ಟಿ ಆಡಬೇಕಿತ್ತು. ನಾನಂತೂ ಕ್ರೌನ್ ಮೇಲೆ ದೊಡ್ಡ ಭರವಸೆ ಇಟ್ಟಿಲ್ಲ, ಯಾಕಂದ್ರೆ ಖಾಲಿ ಕುರ್ಚಿ ಮುಂದೆ ವೇಗಸ್‌ನಲ್ಲಿ ಆಡೋದಕ್ಕೂ ಊರಿನ ಜನದ ಮುಂದೆ ಆಡೋದಕ್ಕೂ ವ್ಯತ್ಯಾಸ ಇದೆ.

ಅದೇ 2025ರ ಎನ್‌ಐಟಿ ಸೆಮಿಫೈನಲ್ ನೋಡಿ: ಚಾಟನೂಗ, ಲೊಯೋಲಾ ಷಿಕಾಗೋ, ಯುಸಿ ಅರ್ವೈನ್, ನಾರ್ತ್ ಟೆಕ್ಸಸ್. ಒಂದೂ ದೊಡ್ಡ ಹೆಸರಿಲ್ಲ. ಫೈನಲ್ ಮತ್ತೆ ಹಿಂಕಲ್‌ನಲ್ಲೇ, ಓವರ್‌ಟೈಮ್‌ಗೆ ಹೋಗಿ ಚಾಟನೂಗ 85-84ಕ್ಕೆ ಗೆದ್ರು, ಒಂದು ಪಾಯಿಂಟು! ನಾನು ಮನೇಲಿ ಮೊಸರನ್ನದ ತಟ್ಟೆ ಕೈಯಲ್ಲಿ ಹಿಡ್ಕೊಂಡು ನಿಂತೇ ನೋಡಿದ್ದು. ಯಾರನ್ನ ಹೊರಗೆ ತಳ್ಳಿ ದೊಡ್ಡೋರಿಗೆ ಜಾಗ ಮಾಡಿದ್ರೋ, ಅವರೇ ಈಗ ಪಂಕ್ತಿ ತುಂಬಿಸ್ತಿದ್ದಾರೆ.

ಇನ್ನು ಮೊದಲ ಪಂಕ್ತಿ ವಿಷಯ. ಅಲ್ಲಿ ದುಡ್ಡಿನ ಲೆಕ್ಕ ಬೇರೆನೇ. ಟೀವಿ ಒಪ್ಪಂದ 2032ರ ತನಕ ಇದೆ, ವರ್ಷಕ್ಕೆ ಸರಾಸರಿ 110 ಕೋಟಿ ಡಾಲರ್ ಹತ್ರ. ಒಂದು ಟೀಮು ಒಂದು ಮ್ಯಾಚ್ ಆಡಿದ್ರೆ ಒಂದು ಯೂನಿಟ್ ಅಂತ ದುಡ್ಡಿನ ಪಾಲು, ಆರು ವರ್ಷದಲ್ಲಿ ಸುಮಾರು 20 ಲಕ್ಷ ಡಾಲರ್ ಅದರ ಕಾನ್ಫರೆನ್ಸ್‌ಗೆ ಬರತ್ತೆ. ಎನ್‌ಐಟಿಲಿ ಇದ್ಯಾವುದೂ ಇಲ್ಲ. ಹಂಗಾಗಿ ಒಂದೊಂದು ಸೀಟಿಗೂ ಜಗಳ. 2025ರಲ್ಲಿ ಎಸ್‌ಇಸಿ ಅನ್ನೋ ಒಂದೇ ಕಾನ್ಫರೆನ್ಸ್‌ನ 16 ಟೀಮಲ್ಲಿ 14 ಒಳಗೆ ಹೋದ್ವು. ಕೊನೇ ಸೀಟು ನಾರ್ತ್ ಕ್ಯಾರೊಲಿನಾಗೆ ಸಿಕ್ತು, ಕಮಿಟಿ ಚೇರ್ಮನ್ ಯಾರಪ್ಪಾ ಅಂದ್ರೆ ಅದೇ ಯೂನಿವರ್ಸಿಟಿಯ ಕ್ರೀಡಾ ನಿರ್ದೇಶಕರು. ಆ ಚರ್ಚೆ ಬಂದಾಗ ಅವರು ರೂಲ್ ಪ್ರಕಾರ ಎದ್ದು ಹೊರಗೆ ಹೋಗಿದ್ರು, ಆದ್ರೆ ಸೀಟು ತಪ್ಪಿದ ವೆಸ್ಟ್ ವರ್ಜೀನಿಯಾದ ಗವರ್ನರೇ ಪ್ರೆಸ್ ಮೀಟ್ ಕರೆದು, ಎನ್‌ಸಿಎಎ ಹೆಸರಲ್ಲಿ ಭ್ರಷ್ಟ ಅನ್ನೋ ಪದ ಸೇರಿಸಿ ಬೋರ್ಡ್ ಹಾಕಿಸ್ಕೊಂಡು ಮಾತಾಡಿದ್ರು. ರಾಜಕಾರಣಿಗಳು ಎಲ್ಲಾ ಕಡೆ ಒಂದೇ ನೋಡಿ. ಇನ್ನೂ ತಮಾಷೆ ಅಂದ್ರೆ ಅಷ್ಟು ಗಲಾಟೆ ಮಾಡಿದ ವೆಸ್ಟ್ ವರ್ಜೀನಿಯಾ ಬೇರೆ ಯಾವ ಟೂರ್ನಮೆಂಟೂ ಆಡಲಿಲ್ಲ, ಕೋಚು ಇಂಡಿಯಾನಾಗೆ ಹೋದ್ರು.

ಇದಕ್ಕೆ ದೊಡ್ಡೋರು ಹೇಳೋ ಪರಿಹಾರ ಪಂಕ್ತಿ ಇನ್ನೂ ಉದ್ದ ಮಾಡಿ ಅಂತ, 72 ಮಾಡಿ, 76 ಮಾಡಿ ಅಂತ. 2026ಕ್ಕೆ 68ರಲ್ಲೇ ಇರ್ತೀವಿ ಅಂತ 2025ರ ಆಗಸ್ಟ್‌ನಲ್ಲಿ ಹೇಳಿದ್ರು. ಆದ್ರೆ ಎಂಟು ಸೀಟು ಜಾಸ್ತಿ ಆದ್ರೆ ಅದು ಇಂಡಿಯಾನಾ ಸ್ಟೇಟ್ ತರದವರಿಗೆ ಸಿಗತ್ತೆ ಅಂತ ನಂಬೋಕೆ ನಂಗಂತೂ ಧೈರ್ಯ ಇಲ್ಲ. 2025ರಲ್ಲಿ ಕಮಿಟಿ ಕೈಲಿದ್ದ 37 ಸೀಟಲ್ಲಿ ಐದು ದೊಡ್ಡ ಕಾನ್ಫರೆನ್ಸ್‌ಗಳ ಹೊರಗೆ ಹೋಗಿದ್ದು ನಾಲ್ಕೇ ನಾಲ್ಕು. ಇದೇ ಕೈ ಇನ್ನೂ ಎಂಟು ಬಡಿಸಿದ್ರೆ ಯಾರ ಎಲೆಗೆ ಬೀಳತ್ತೆ ಅಂತ ನೀವೇ ಹೇಳಿ. ಎನ್‌ಐಟಿಗೆ ಉಳಿದಿರೋ ಮೇಲಿನ ಎಂಟೂ ಅಲ್ಲಿಗೆ ಹೋಗತ್ತೆ.

ಒಂದು ಕೆಲಸ ಮಾತ್ರ ಸರಿ ಮಾಡಿದ್ದಾರೆ. 2026ರಿಂದ ಪೋರ್ಟಲ್ ಓಪನ್ ಆಗೋದು ದೊಡ್ಡ ಫೈನಲ್ ಮುಗಿದ ಮಾರನೇ ದಿನ, ಅದೂ ಹದಿನೈದೇ ದಿನ. ಎರಡು ವರ್ಷ ಮುಂಚೆ ಈ ರೂಲ್ ಇದ್ದಿದ್ರೆ ಆ ಸೋಮವಾರ ಬೆಳಿಗ್ಗೆ ಕೋಚ್‌ಗಳಿಗೆ ಎನ್‌ಐಟಿ ಬೇಡ ಅನ್ನೋಕೆ ಅರ್ಧ ಕಾರಣ ಇರ್ತಿರಲಿಲ್ಲ. ಅರ್ಧ ಅಂತ ಯಾಕಂದೆ ಅಂದ್ರೆ, ಬಾಗಿಲು ಮುಚ್ಚಿದ್ರೂ ಏಜೆಂಟ್‌ಗಳ ಫೋನು ಮುಚ್ಚಲ್ಲ, ಒಳಗೊಳಗೇ ಮಾತುಕತೆ ಫೆಬ್ರವರಿಲೇ ಶುರುವಾಗಿರತ್ತೆ ಅಂತ ಎಲ್ಲರಿಗೂ ಗೊತ್ತು. ಇದರ ಜೊತೆ ಆ ಹಳೇ ರೂಲ್, ಲೀಗ್ ಫಸ್ಟ್ ಬಂದೋರಿಗೆ ಗ್ಯಾರಂಟಿ ಸೀಟು, ಅದನ್ನ ಪೂರ್ತಿಯಾಗಿ ವಾಪಸ್ ತರಬೇಕು. ಬರಲ್ಲ ಅನ್ನೋರ ಹಿಂದೆ ಎಲೆ ಹಿಡ್ಕೊಂಡು ಓಡೋದು ಬಿಟ್ಟು, ಬರ್ತೀವಿ ಅನ್ನೋರಿಗೆ ಅವರ ಊರಲ್ಲೇ ಮೊದಲ ಮೂರು ರೌಂಡು ಆಡಿಸಲಿ.

2024ರ ನವೆಂಬರ್‌ನಲ್ಲಿ ನಮ್ಮ ಹಿರಿಯರು ಮತ್ತೆ ಕರೆದ್ರು, ಈ ಸಲ ಟೆರ ಹೋಟ್‌ಗೇ. ಹೊಸ ಕೋಚ್, ಹೊಸ ಐದು ಜನ. ಬುಟ್ಟಿ ಬಿದ್ದಾಗೆಲ್ಲ ಅವರು ಕನ್ನಡಕ ಮೇಲೆತ್ತಿ ಫೋನಲ್ಲಿ ಜೆರ್ಸಿ ನಂಬರ್ ಹುಡುಕಿ, ಇವನ ಹೆಸರು ಇದು ನೋಡು ಅಂತ ನಂಗೆ ಹೇಳ್ತಿದ್ರು, ಹೋದ ಸೀಸನ್‌ನಲ್ಲಿ ನಾನು ಕೇಳ್ತಿದ್ದೆ, ಅವರು ನೋಡದೇ ಹೇಳ್ತಿದ್ರು. ಅಲ್ಲಿಂದ ಸೇಂಟ್ ಲೂಯಿಸ್ ಐ-70ರಲ್ಲಿ ನೇರ ಪಶ್ಚಿಮಕ್ಕೆ, ಎರಡೂವರೆ ಗಂಟೆ. ಅವಿಲಾನ ನೋಡೋಕೆ ಹೋಗ್ತೀರಾ ಅಂತ ಕೇಳಿದೆ. ಬಿಟ್ಟು ಹೋದವನನ್ನ ನೋಡೋಕೆ ಯಾಕೆ ಹೋಗ್ಲಿ ಅಂದ್ರು. ಜನವರಿಲಿ ಒಂದಿನ ರಾತ್ರಿ ವಾಟ್ಸಾಪ್‌ಗೆ ಫೋಟೋ ಬಂತು, ಮೇಲಿನ ಸಾಲಿಂದ ತೆಗೆದಿದ್ದು, ಮಸುಕು ಮಸುಕಾಗಿ ಗಾಗಲ್ಸ್ ಹಾಕಿರೋ ಉದ್ದ ಹುಡುಗ. ಕೆಳಗೆ ಬರೆದಿದ್ರು, "ಇಲ್ಲೂ ಬಣ್ಣ ನೀಲಿನೇ, ಹಳೇ ಟೀಶರ್ಟೇ ಹಾಕ್ಕೊಂಡು ಬಂದೆ, ಯಾರಿಗೂ ಗೊತ್ತಾಗ್ಲಿಲ್ಲ."